ಚಿಕ್ಕಪ್ಪನ ಟಿ-5

ನಮ್ಮ ಮನೆತನದಲ್ಲಿ ಕಾರು ಕೊಂಡವರು ಕಡಿಮೆ, ಕಾರಿನ ಬಗ್ಗೆ ವಾದ ಮಾಡಿದವರು ಹೆಚ್ಚು. ಗುಬ್ಬಿಯ ನಮ್ಮ ತಂದೆಯ ಮನೆಯಲ್ಲಿ ಐವತ್ತು ವರ್ಷ ನಡೆದ ಒಂದು ವಾದಕ್ಕೆ ಕಾರಣವಾದ ಕಾರಂತೂ ಗುಬ್ಬಿಯ ನೆಲವನ್ನು ಮುಟ್ಟಿದ್ದೇ ಇಲ್ಲ. ಅದು ಬಂದದ್ದು ಅಂಗೈಯಗಲದ ಕಪ್ಪು ಬಿಳುಪು ಫೋಟೋ ಒಂದರಲ್ಲಿ, 1967ರಲ್ಲಿ, ಪಶ್ಚಿಮ ಜರ್ಮನಿಯ ಸ್ಟುಟ್‌ಗಾರ್ಟಿನಿಂದ, ಏರ್‌ಮೇಲ್ ಲಕೋಟೆಯೊಳಗೆ.

ಕಳಿಸಿದವರು ನಮ್ಮ ಚಿಕ್ಕಪ್ಪ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಅವರನ್ನು ಒಂದು ವರ್ಷದ ತರಬೇತಿಗೆಂದು ಅಲ್ಲಿಗೆ ಕಳಿಸಿದ್ದರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಚಿಕ್ಕಮ್ಮ ಗುಬ್ಬಿಯ ತುಂಬಿದ ಮನೆಯಲ್ಲಿ, ಅತ್ತೆ, ಭಾವ, ಓರಗಿತ್ತಿಯರ ನಡುವೆ ಉಳಿದಿದ್ದರು. ಫೋಟೋದಲ್ಲಿ ಚಿಕ್ಕಪ್ಪ ಕೋಟು ಹಾಕಿಕೊಂಡು, ಒಂದು ಉದ್ದ ಮೂತಿಯ ಕಾರಿನ ಮೇಲೆ ಕೈಯಿಟ್ಟು ನಿಂತಿದ್ದಾರೆ. ಹಿಂದೆ ಶಾಯಿಯಲ್ಲಿ ಮೂರು ಸಾಲು: "ನಾನಿರುವ ಮನೆಯ ಯಜಮಾನರ ಕಾರು. ಅಮೆರಿಕದ ಫೋರ್ಡ್, ಹೆಸರು ಟಿ-5. ಭಾನುವಾರ ನಾನೂ ಓಡಿಸಿದೆ."

ಆ ಕಾಲದಲ್ಲಿ ಬಂದ ಕಾಗದವನ್ನು ಮೊದಲು ಮನೆಯ ಹಿರಿಯರು ಒಡೆದು ಓದಿ, ಆಮೇಲೆ ಹೆಂಡತಿಗೆ ಕೊಡುವುದು. ದೊಡ್ಡಪ್ಪ ಓದಿದರು. ಅವರು ಇಂಗ್ಲಿಷ್ ಪತ್ರಿಕೆಗಳನ್ನು ತರಿಸುತ್ತಿದ್ದವರು. ಆ ಕಾರಿನ ಬಣ್ಣದ ಚಿತ್ರವನ್ನು ಆಗಲೇ ನೋಡಿದ್ದರು. "ಇದು ಮಸ್ಟಾಂಗ್ ಅಲ್ವೇನೋ! ಪ್ರಪಂಚಕ್ಕೇ ಗೊತ್ತಿರೋ ಕಾರಿನ ಹೆಸರು ಗೊತ್ತಿಲ್ಲ, ಓಡಿಸಿದನಂತೆ. ಗುಬ್ಬಿ ವೀರಣ್ಣನವರ ಊರಿನವನು ನೋಡಿ, ಯಾರದೋ ಕಾರಿನ ಮುಂದೆ ವೇಷ ಕಟ್ಟಿಕೊಂಡು ನಿಂತಿದ್ದಾನೆ" ಎಂದರು. ಮನೆಯವರೆಲ್ಲ ನಕ್ಕರು. ದೊಡ್ಡಪ್ಪನ ಮಾತಿನಲ್ಲಿ ವಿಷವೇನೂ ಇರಲಿಲ್ಲ, ತಮಾಷೆಯೇ. ಆದರೆ ತಮಾಷೆಗೆ ಆಯಸ್ಸು ಹೆಚ್ಚು. ಚಿಕ್ಕಪ್ಪ 1968ರಲ್ಲಿ ವಾಪಸು ಬರುವ ಹೊತ್ತಿಗೆ ಅವರ ಹೆಸರೇ "ಟೀ ಫೈವ್" ಆಗಿತ್ತು. ಯಾವ ಮದುವೆ ಮನೆಗೆ ಹೋದರೂ "ಟೀ ಫೈವ್ ಬಂದ, ಐದು ಟೀ ತನ್ನಿ" ಎನ್ನುವವರು ಒಬ್ಬರಾದರೂ ಇರುತ್ತಿದ್ದರು. ಬರಬರುತ್ತಾ ಅವರು ಏನು ಹೇಳಿದರೂ, ಜಮೀನಿನ ಲೆಕ್ಕವಿರಲಿ ಮಗಳ ಗಂಡಿನ ಸಂಬಳವಿರಲಿ, "ಇದೂ ಟೀ ಫೈವೇನೋ" ಎಂದು ಕೇಳುವುದು ವಾಡಿಕೆಯಾಯಿತು. ಚಿಕ್ಕಪ್ಪ ಒಂದೆರಡು ಸಲ ವಾದಿಸಿ ಸುಮ್ಮನಾದರು. ಚಿಕ್ಕಮ್ಮ ಮಾತ್ರ ಆ ಮಾತು ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದರು. ಗಂಡನನ್ನು ಸುಳ್ಳುಗಾರನೆಂದು ನಗುವ ಮನೆಯಲ್ಲಿ ಹೆಂಗಸು ಐವತ್ತು ವರ್ಷ ಕಾಫಿ ಕೊಡುವುದೆಂದರೆ ಏನೆಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ.

2016ರಲ್ಲಿ ಮಸ್ಟಾಂಗ್ ಕಾರು ಮೊದಲ ಬಾರಿಗೆ ಅಧಿಕೃತವಾಗಿ ಭಾರತದ ಮಾರುಕಟ್ಟೆಗೆ ಬಂತು. ದೊಡ್ಡಪ್ಪನ ಮೊಮ್ಮಗ ಅದನ್ನು ಬೆಂಗಳೂರಿನಲ್ಲಿ ನೋಡಿ ಬಂದು, "ಅಜ್ಜಿ, ಟೀ ಫೈವ್ ನೋಡಿಬಂದೆ" ಎಂದು ಚಿಕ್ಕಮ್ಮನನ್ನು ರೇಗಿಸಿದ. ಆ ವೇಳೆಗೆ ದೊಡ್ಡಪ್ಪನೂ ಇರಲಿಲ್ಲ, ಚಿಕ್ಕಪ್ಪನೂ ಇರಲಿಲ್ಲ. ಜೋಕು ಇತ್ತು.

ಎರಡು ವರ್ಷದ ಮೇಲೆ ಮಗಳ ಬಾಣಂತನಕ್ಕೆ ಅಮೆರಿಕದ ಮಿಷಿಗನ್ನಿಗೆ ಹೋಗಿದ್ದೆ. ಅಲ್ಲಿ ಡಿಯರ್‌ಬಾರ್ನ್ ಎಂಬ ಊರಿನಲ್ಲಿ ಹೆನ್ರಿ ಫೋರ್ಡ್ ಹೆಸರಿನ ದೊಡ್ಡ ಮ್ಯೂಸಿಯಂ ಇದೆ. ಕಾರು ನೋಡುವ ಆಸೆ ನನಗಿರಲಿಲ್ಲ. ರೋಸಾ ಪಾರ್ಕ್ಸ್ ಕುಳಿತಿದ್ದ ಬಸ್ಸು ಅಲ್ಲಿದೆ ಎಂದಿದ್ದರು, ಅದಕ್ಕಾಗಿ ಹೋದೆ. 1955ರ ಡಿಸೆಂಬರಿನಲ್ಲಿ ಮಾಂಟ್ಗೊಮರಿ ಎಂಬ ಊರಿನ ಬಸ್ಸಿನಲ್ಲಿ ಬಿಳಿಯನೊಬ್ಬನಿಗೆ ಸೀಟು ಬಿಟ್ಟುಕೊಡಲು ಒಪ್ಪದೆ ಜೈಲಿಗೆ ಹೋದ ಹೊಲಿಗೆ ಕೆಲಸದ ಹೆಣ್ಣುಮಗಳು ಆಕೆ. ಬಸ್ಸಿನೊಳಗೆ ಹತ್ತಿ ಕೂರಲು ಬಿಡುತ್ತಾರೆ. ಕೂತೆ. ಕೂತ ಮೇಲೆ ಒಂದು ಅನುಮಾನ ಬಂತು: ಅಂಥ ಬಸ್ಸುಗಳು ಎಷ್ಟೋ ಇದ್ದಿರಬೇಕು, ಇದೇ ಅದು ಎಂದು ಹೇಗೆ ಗೊತ್ತು?

ಅದರ ಕಥೆ ಹೀಗೆ. ಆ ಬಸ್ಸು ಮೂವತ್ತು ವರ್ಷ ಅಲಬಾಮಾದ ಒಂದು ಹೊಲದಲ್ಲಿ ಮರದ ಸಾಮಾನು ತುಂಬಿಡುವ ಕೊಟ್ಟಿಗೆಯಾಗಿ ತುಕ್ಕು ಹಿಡಿಯುತ್ತ ಬಿದ್ದಿತ್ತು. ಇದೇ ಆ ಬಸ್ಸು ಎಂದು ಮನೆಯವರ ಬಾಯಿಮಾತು ಮಾತ್ರ ಇತ್ತು. ಕೊನೆಗೆ ಕೈಗೆ ಸಿಕ್ಕಿದ್ದು ಮಾಂಟ್ಗೊಮರಿಯ ಬಸ್ ನಿಲ್ದಾಣದ ನೌಕರರೊಬ್ಬರು ಆ ದಿನಗಳಲ್ಲಿ ಪತ್ರಿಕೆಯ ತುಂಡುಗಳನ್ನು ಕತ್ತರಿಸಿ ಅಂಟಿಸಿಟ್ಟಿದ್ದ ಪುಸ್ತಕ. ಸುದ್ದಿಯ ಪಕ್ಕದಲ್ಲಿ ಅವರು ಕೈಯಾರೆ ಡ್ರೈವರನ ಹೆಸರು, 2857 ಎಂಬ ನಂಬರು ಬರೆದಿದ್ದರು. ಬಸ್ಸಿನ ನಂಬರೂ ಅದೇ. ಆ ಗೀಚಿನ ಬಲದಿಂದ 2001ರ ಹರಾಜಿನಲ್ಲಿ ಮ್ಯೂಸಿಯಂ ಆ ತುಕ್ಕಿನ ರಾಶಿಗೆ 4,92,000 ಡಾಲರ್ ಕೊಟ್ಟಿತು. ಯಾರಿಗೂ ತೋರಿಸಲೆಂದು ಬರೆದದ್ದಲ್ಲ ಅದು. ಅದಕ್ಕೇ ಅದಕ್ಕೆ ಬೆಲೆ.

ಅಲ್ಲಿಂದ ಅಳಿಯ ನನ್ನನ್ನು ಒಂದು ಬಿಳಿ ಕಾರಿನ ಮುಂದೆ ನಿಲ್ಲಿಸಿದರು. ಮೂತಿ ನೋಡಿದ ತಕ್ಷಣ ಚಿಕ್ಕಪ್ಪನ ಫೋಟೋ ನೆನಪಾಯಿತು. ಅದು ಮೊಟ್ಟಮೊದಲ ನಂಬರಿನ ಮಸ್ಟಾಂಗ್. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಈ ಕಾರನ್ನು ಜನರ ಮುಂದಿಟ್ಟರಂತೆ. ಮೊದಲ ದಿನವೇ 22,000 ಕಾರಿಗೆ ಬೇಡಿಕೆ ಬಂತು, ಎರಡು ವರ್ಷ ತುಂಬುವುದರೊಳಗೆ ಹತ್ತು ಲಕ್ಷ ಕಾರು ತಯಾರಾಯಿತು. ಈ ಒಂದನೇ ನಂಬರಿನ ಕಾರು ಬರೀ ಪ್ರದರ್ಶನಕ್ಕೆಂದು ಕೆನಡಾದ ನ್ಯೂಫೌಂಡ್‌ಲ್ಯಾಂಡಿಗೆ ಹೋಗಿತ್ತು. ಅಲ್ಲಿನ ಅಂಗಡಿಯವರು ಗೊತ್ತಿಲ್ಲದೆ ಅದನ್ನು ಸ್ಟಾನ್ಲಿ ಟಕರ್ ಎಂಬ ವಿಮಾನ ಚಾಲಕರಿಗೆ ಮಾರಿಬಿಟ್ಟರು. ವಾಪಸು ಕೊಡಿ ಎಂದು ಕಂಪನಿ ಕೇಳಿದರೆ ಅವರು ಎರಡು ವರ್ಷ ಕೊಡಲಿಲ್ಲ. ಹತ್ತು ಲಕ್ಷ ದಾಟಿದ ಹೊತ್ತಿನಲ್ಲಿ ತಯಾರಾದ ಹೊಸ ಕಾರನ್ನು ಅವರಿಗೆ ಕೊಟ್ಟು ಇದನ್ನು ಬಿಡಿಸಿಕೊಂಡು ಬಂದರಂತೆ. ಜಾಣ ಮನುಷ್ಯ.

ಆ ಕಾರಿನ ನಂಬರು 5 ಎಫ್ 08 ಎಫ್ 100001. ಇದನ್ನು ಓದುವುದನ್ನು ಅಳಿಯ ಹೇಳಿಕೊಟ್ಟರು. ಮೊದಲ 5 ಎಂದರೆ 1965ರ ಮಾದರಿ. ಆಮೇಲಿನ ಎಫ್ ಎಂದರೆ ಹುಟ್ಟಿದ್ದು ಡಿಯರ್‌ಬಾರ್ನ್ ಕಾರ್ಖಾನೆಯಲ್ಲಿ. ಅಲ್ಲಿ ಆರ್ ಇದ್ದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಟಿ ಇದ್ದರೆ ನ್ಯೂಜೆರ್ಸಿಯ ಮೆಟುಚೆನ್. 08 ಎಂದರೆ ಮೇಲ್ಚಾವಣಿ ಮಡಚುವ ಕಾರು, 07 ಮಾಮೂಲಿ ಚಾವಣಿಯದು, 09 ಬೆನ್ನು ಇಳಿಜಾರಾಗಿ ಹಿಂದಕ್ಕೆ ಹೋಗುವಂಥದ್ದು. ಮುಂದಿನ ಅಕ್ಷರ ಎಂಜಿನ್ನಿನದು. ಉಳಿದದ್ದು ಸಾಲಿನ ಸಂಖ್ಯೆ. ಊರು, ಕುಲ, ಗೋತ್ರ ಎಲ್ಲ ಒಂದೇ ಸಾಲಿನಲ್ಲಿ.

ಅದೇ ಮ್ಯೂಸಿಯಂ ಅಂಗಡಿಯಲ್ಲಿ ಮಸ್ಟಾಂಗ್ ಬಗ್ಗೆ ಒಂದು ದಪ್ಪ ಪುಸ್ತಕ ತಿರುವಿ ಹಾಕುತ್ತಿದ್ದಾಗ ಆ ಅಕ್ಷರ ಕಣ್ಣಿಗೆ ಬಿತ್ತು: ಟಿ-5. ನಿಂತಲ್ಲೇ ಓದಿದೆ. ಮಸ್ಟಾಂಗ್ ಎಂದರೆ ಅಮೆರಿಕದ ಬಯಲಿನ ಕಾಡುಕುದುರೆ. ಜರ್ಮನಿಯಲ್ಲಿ ಆ ಹೆಸರು ಆಗಲೇ ಬೇರೆಯವರ ಸ್ವತ್ತಾಗಿತ್ತು. ಎಸೆನ್ ಊರಿನ ಕ್ರುಪ್ ಕಂಪನಿ, ಅಂದರೆ ನಮ್ಮ ರೂರ್ಕೆಲಾ ಉಕ್ಕಿನ ಕಾರ್ಖಾನೆ ಕಟ್ಟಲು ಬಂದಿದ್ದ ಅದೇ ಕ್ರುಪ್, ತನ್ನ ಲಾರಿಗೆ ಮಸ್ಟಾಂಗ್ ಎಂದು ಹೆಸರಿಟ್ಟು ನೋಂದಾಯಿಸಿತ್ತು. 10,000 ಡಾಲರ್ ಕೊಟ್ಟರೆ ಹೆಸರು ಬಿಟ್ಟುಕೊಡುತ್ತೇವೆ ಎಂದರೂ ಫೋರ್ಡ್‌ನವರು ಕೊಡಲಿಲ್ಲ ಎನ್ನುತ್ತಾರೆ. ದುಡ್ಡಿದ್ದವರ ಜಿಪುಣತನವೇ ಬೇರೆ. ಹೆಸರನ್ನೇ ಬಿಟ್ಟರು. ಜರ್ಮನಿಯಲ್ಲಿ ಮಾರುವ ಕಾರುಗಳ ಮೈಮೇಲಿನ ಮಸ್ಟಾಂಗ್ ಅಕ್ಷರಗಳನ್ನು ತೆಗೆದು, ಮುಂದಿನ ಚಕ್ರದ ಹಿಂದೆ ಟಿ-5 ಎಂಬ ಪುಟ್ಟ ಬಿಲ್ಲೆ ಹಚ್ಚಿದರು. ಮುಂಭಾಗದ ಜಾಲರಿಯಲ್ಲಿ ಓಡುವ ಕುದುರೆ ಮಾತ್ರ ಹಾಗೇ ಉಳಿಯಿತು. ಕುದುರೆಯ ಮೇಲೆ ಯಾರಿಗೂ ಹಕ್ಕಿಲ್ಲವಲ್ಲ. 1970ರ ದಶಕದ ಕೊನೆಯವರೆಗೂ ಜರ್ಮನಿಯಲ್ಲಿ ಮಸ್ಟಾಂಗ್ ಎಂಬ ಹೆಸರಿನ ಕಾರು ಅಂಗಡಿಯಲ್ಲಿ ಇರಲೇ ಇಲ್ಲ. ಇದ್ದದ್ದು ಟಿ-5.

ಅಂದರೆ ಸ್ಟುಟ್‌ಗಾರ್ಟಿನ ಮಟ್ಟಿಗೆ ಚಿಕ್ಕಪ್ಪ ಹೇಳಿದ ಹೆಸರೇ ಸರಿ. ಆದರೆ ಇಷ್ಟೇ ಸಾಲದು ಎಂದು ನನಗೆ ಅನ್ನಿಸಿತು. ಅವರು ಹೇಳಿದ್ದು ನಿಜವಿರಬಹುದು ಎನ್ನುವುದಕ್ಕೂ, ಫೋಟೋದಲ್ಲಿರುವುದು ಅದೇ ಕಾರು ಎನ್ನುವುದಕ್ಕೂ ದೂರವಿದೆ. ಅಮೆರಿಕದ ಸೈನಿಕರು ಊರಿನಿಂದ ತಂದ ಮಾಮೂಲಿ ಮಸ್ಟಾಂಗುಗಳೂ ಆಗ ಜರ್ಮನಿಯ ರಸ್ತೆಗಳಲ್ಲಿದ್ದವು. ಜೊತೆಗೆ ಈ ಜಾತಿಯ ಕಾರುಗಳಲ್ಲಿ ವೇಷ ಬಹಳ. ಸಾಧಾರಣ ಮೈಕಟ್ಟಿನ ಕಾರಿಗೆ ಭಾರೀ ಎಂಜಿನ್ ಕೂರಿಸಿದ ಅಮೆರಿಕದ ಆ ಕಾಲದ ಗಾಡಿಗಳಿಗೆ ಮಸಲ್ ಕಾರು ಎನ್ನುತ್ತಾರೆ, ನಮ್ಮ ಬಾಯಲ್ಲಿ ಪೈಲ್ವಾನ್ ಕಾರು ಎನ್ನಬಹುದು. 1964ರ ಪಾಂಟಿಯಾಕ್ ಜಿಟಿಓದಿಂದ ಈ ಗರಡಿ ಶುರುವಾಯಿತು ಎಂದು ಲೆಕ್ಕ. ಮಸ್ಟಾಂಗ್ ಪೂರ್ತಿ ಪೈಲ್ವಾನನಲ್ಲ, ಕುದುರೆಮರಿ ಎಂದು ಪಟ್ಟು ಹಿಡಿಯುವ ಮಡಿವಂತರೂ ಇದ್ದಾರೆ. ದೊಡ್ಡ ಎಂಜಿನ್ನಿನದನ್ನು ಎಲ್ಲರೂ ಒಳಗೆ ಬಿಟ್ಟುಕೊಳ್ಳುತ್ತಾರೆ. ಈಗ ಇವುಗಳ ಬೆಲೆ ಏರಿರುವುದರಿಂದ ಸಾಧಾರಣ ಕಾರಿಗೆ ಬಿಲ್ಲೆ, ಪಟ್ಟೆ ಅಂಟಿಸಿ ಅಪರೂಪದ್ದು ಎಂದು ಮಾರುವವರು ಹೆಚ್ಚು. ಬಿಲ್ಲೆಯನ್ನು ನಂಬಬೇಡಿ, ತಗಡಿನ ಮೇಲೆ ಕೊರೆದ ನಂಬರನ್ನು ನಂಬಿ ಎಂಬುದು ಬಲ್ಲವರ ಮಾತು.

ಹೆಸರು, ಹುಟ್ಟು, ವಾಸ, ಮೂರೂ ಬೇರೆಬೇರೆಯಾಗಿರುವುದು ಕಾರುಗಳಲ್ಲಿ ಹೊಸದೇನಲ್ಲ. ನಮ್ಮ ಅಜ್ಜಂದಿರು "ಅಮೆರಿಕದ ಫೋರ್ಡು" ಎಂದು ಬೆರಗಿನಿಂದ ನೋಡಿದ ಕಾರುಗಳಲ್ಲಿ ಎಷ್ಟೋ ಕೆನಡಾದವು. ಬ್ರಿಟಿಷ್ ಸಾಮ್ರಾಜ್ಯದ ನಾಡುಗಳಿಗೆ ಕಾರು ಕಳಿಸುವ ಹಕ್ಕು ಕೆನಡಾದ ಫೋರ್ಡ್ ಕಂಪನಿಗಿತ್ತು. 1926ರಲ್ಲಿ ಇಲ್ಲಿ ಶುರುವಾದ ಫೋರ್ಡ್ ಇಂಡಿಯಾ ಅದರ ಮಗಳು. 1928ರ ಕೊನೆಯಿಂದ ಷೆವರ್ಲೆ ಕಾರುಗಳನ್ನು ಮುಂಬಯಿಯ ಶಿವಡಿಯಲ್ಲೇ ಜೋಡಿಸುತ್ತಿದ್ದರು. 1950ರ ದಶಕದ ನಡುವಿನಲ್ಲಿ ಎರಡೂ ಮುಚ್ಚಿದವು. ಆಮೇಲೆ ವಿದೇಶಿ ಕಾರಿಗೆ ಬಾಗಿಲು ಹಾಕಿದ್ದರಿಂದ 1967ರ ಗುಬ್ಬಿಯಲ್ಲಿ ಮಸ್ಟಾಂಗನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲು ಸಾಧ್ಯವಿರಲಿಲ್ಲ. ದೊಡ್ಡಪ್ಪನ ಪಾಂಡಿತ್ಯವೆಲ್ಲ ಪತ್ರಿಕೆಯದು.

ವಾಪಸು ಬಂದ ಮೇಲೆ ಕುಣಿಗಲ್ಲಿಗೆ ಹೊರಟೆ. ಚಿಕ್ಕಪ್ಪ ಹೋದ ಮೇಲೆ ಚಿಕ್ಕಮ್ಮ ಇರುವುದು ಅಲ್ಲಿ, ತಮ್ಮನ ಮನೆಯಲ್ಲಿ. ತುಮಕೂರಿನಿಂದ ಕುಣಿಗಲ್ ದಾರಿಯಲ್ಲಿ ಗೂಳೂರು ದಾಟುವಾಗ ಪಕ್ಕದಲ್ಲೇ ಕೈದಾಳ. ಜಕಣಾಚಾರಿ ಹುಟ್ಟಿದ ಊರು, ಕತ್ತರಿಸಿಕೊಂಡ ಕೈ ಚೆನ್ನಕೇಶವನ ದಯೆಯಿಂದ ಮತ್ತೆ ಬಂದ ಊರು ಎಂದು ನಾವೆಲ್ಲ ಕೇಳಿ ಬೆಳೆದದ್ದು. ಶಾಸನ ನೋಡಿದರೆ ಅಲ್ಲಿ ಜಕಣಾಚಾರಿಯ ಸುದ್ದಿಯಿಲ್ಲ. ಸುಮಾರು 1150ರಲ್ಲಿ ಗುಡಿ ಕಟ್ಟಿಸಿದ ಬಾಚಿದೇವನೆಂಬ ಸಾಮಂತನ ಹೆಸರಿದೆ. ಕಥೆ ಚೆಂದ, ನನಗೂ ಇಷ್ಟ. ಆದರೆ ದೇವಸ್ಥಾನ ಯಾರದೆಂದು ಕೇಳಿದರೆ ಕಲ್ಲನ್ನೇ ಓದಬೇಕು. ಬಸ್ಸಿನಲ್ಲಿ ಕೂತು ನನಗಿದ್ದ ಯೋಚನೆ, ಚಿಕ್ಕಪ್ಪ ಏನಾದರೂ ಕಲ್ಲು ಬಿಟ್ಟುಹೋಗಿದ್ದಾರೆಯೇ ಎಂದು.

ಚಿಕ್ಕಮ್ಮ ಫೋಟೋ ತೆಗೆದುಕೊಟ್ಟರು. ಭೂತಗನ್ನಡಿಯಲ್ಲಿ ನೋಡಿದೆ. ಮುಂದಿನ ಚಕ್ರದ ಹಿಂದೆ ಅಕ್ಕಿಕಾಳಿನಷ್ಟು ಬೆಳ್ಳಗೆ ಏನೋ ಇದೆ. ಟಿ ಕಾಣಿಸುತ್ತದೆ, ಪಕ್ಕದ್ದು 5 ಎನ್ನಬಹುದು, 6 ಎನ್ನಬಹುದು. ಜಾಲರಿಯಲ್ಲಿ ಕುದುರೆ ಸ್ಪಷ್ಟ. "ಕುದುರೆ ಇದೆಯಲ್ಲ, ಅದನ್ನ ನಾನು ಆವತ್ತೇ ನೋಡಿದ್ದೆ" ಎಂದರು ಚಿಕ್ಕಮ್ಮ. ಅವರು ಕುದುರೆಯ ಊರಿನ ಮಗಳು. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ಲಿನ ಫಾರಂನಲ್ಲಿ ಅವರ ತಂದೆ ಲೆಕ್ಕ ಬರೆಯುತ್ತಿದ್ದರು. ರೇಸಿನ ಕುದುರೆಗೆ ಮೈಕಟ್ಟು ನೋಡಿ ಬೆಲೆ ಕಟ್ಟುವುದಿಲ್ಲ, ಅಪ್ಪ ಅಮ್ಮ ಯಾರು ಎಂಬುದು ಪುಸ್ತಕದಲ್ಲಿರಬೇಕು. ಇಂಗ್ಲೆಂಡಿನಲ್ಲಿ 1791ರಿಂದ ಇಂಥ ವಂಶಾವಳಿ ಪುಸ್ತಕ ಅಚ್ಚಾಗುತ್ತಿದೆ, ನಮ್ಮದು ಪುಣೆಯಲ್ಲಿದೆ. "ಮರಿ ಹುಟ್ಟಿದಾಗ ತಾಯಿ ತಂದೆ ಹೆಸರು ಬರೀತಿದ್ರು ಕಣೆ. ಅದಕ್ಕೇ ಅಂತ ಹೆಸರಿಡೋದು ಎಷ್ಟೋ ಕಾಲದ ಮೇಲೆ. ಹೆಸರಿಲ್ಲ ಅಂತ ಕುದುರೆ ಕತ್ತೆ ಆಗುತ್ತಾ?" ಎಂದರು.

ಕ್ರುಪ್ ಕಂಪನಿಯ ಕಥೆ ಹೇಳಿದೆ. ಗಡಿ ದಾಟಿದ ಮೇಲೆ ಹೆಸರು ಬಿಡಬೇಕಾಯಿತು ಎಂಬಲ್ಲಿ ಅವರು ನಕ್ಕರು. "ನಂದೂ ಅದೇ ಕಥೆ ತಾನೆ." ಅವರ ತವರಿನ ಹೆಸರು ಬೇರೆ. ಮದುವೆಯ ದಿನ ಗುಬ್ಬಿಯಲ್ಲಿ ತಟ್ಟೆಯ ಅಕ್ಕಿಯ ಮೇಲೆ ಬರೆಸಿದ ಹೆಸರು ಇನ್ನೊಂದು. ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಒಂದು. ಚಿಕ್ಕಪ್ಪ ತೀರಿಕೊಂಡ ಮೇಲೆ ಪಿಂಚಣಿಗೆ ಅರ್ಜಿ ಹಾಕಿದರೆ, ಇವರಿಬ್ಬರೂ ಒಬ್ಬರೇ ಎಂದು ಏನು ಸಾಕ್ಷಿ ಎಂದು ಒಂದು ಕಚೇರಿಯವರು ಏಳು ತಿಂಗಳು ಅಲೆಸಿದ್ದರು. ಅಫಿಡವಿಟ್ ಮಾಡಿಸಿ, ಶಾಲೆಯ ಹಳೆಯ ದಾಖಲೆ ತೆಗೆಸಿ, ಅದರಲ್ಲಿದ್ದ ತಂದೆಯ ಹೆಸರು, ಹುಟ್ಟಿದ ತಾರೀಕು ತಾಳೆ ನೋಡಿದ ಮೇಲೆ ಹಣ ಬಂತು.

ಹಾಗೆ ಮಾತಾಡುತ್ತಲೇ ಟ್ರಂಕಿನಿಂದ ಚಿಕ್ಕಪ್ಪನ ಜರ್ಮನಿಯ ನೋಟುಪುಸ್ತಕ ಹೊರಗೆ ಬಂತು. ತರಬೇತಿಯ ಪುಸ್ತಕ. ಪುಟದ ತುಂಬ ಪಂಪು, ಸ್ಕ್ರೂ, ಅಳತೆಗಳ ಲೆಕ್ಕ. ಕೊನೆಯ ಹಾಳೆಗಳಲ್ಲಿ ಹಾಲಿನ ಲೆಕ್ಕ, ತಾಯಿಗೆ ಕಳಿಸಿದ ಹಣದ ಲೆಕ್ಕ. ಅವುಗಳ ನಡುವೆ ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ ಒಂದು ಚೌಕ. ಕಾರಿನ ಬಾಗಿಲಿನ ಮೇಲೆ ಇರುವ ತಗಡನ್ನು ಹಾಗ್ಹಾಗೇ ನಕಲು ಮಾಡಿದ್ದಾರೆ. ಯಂತ್ರ ಕಂಡಲ್ಲಿ ನಂಬರು ಬರೆದುಕೊಳ್ಳುವುದು ಅವರ ಅಭ್ಯಾಸ, ನಮ್ಮ ಮನೆಯ ಹೊಲಿಗೆ ಮೆಷಿನ್ನಿನ ನಂಬರೂ ಅವರ ಡೈರಿಯಲ್ಲಿತ್ತು.

ನಕಲಿನ ಕೆಳಗಿನ ಸಾಲು 5 ಟಿ 09 ಎ ಎಂದು ಶುರುವಾಗುತ್ತದೆ, ಮುಂದೆ ಆರು ಅಂಕಿ. ನಾನು ಬೆರಳಿಟ್ಟು ಓದಿದೆ. 1965ರ ಮಾದರಿ. ಹುಟ್ಟಿದ್ದು ನ್ಯೂಜೆರ್ಸಿಯ ಮೆಟುಚೆನ್‌ನಲ್ಲಿ. ಇಳಿಜಾರು ಬೆನ್ನಿನದು, ಫೋಟೋದಲ್ಲಿ ಇರುವಂತೆಯೇ. ಎ ಎಂದರೆ ಎಂಟು ಸಿಲಿಂಡರಿನ, ಹೆಚ್ಚುಕಡಿಮೆ 4.7 ಲೀಟರಿನ, 225 ಅಶ್ವಶಕ್ತಿಯ ಎಂಜಿನ್. ನಮ್ಮ ಅಂಬಾಸಿಡರಿನ ಎಂಜಿನ್ ಒಂದೂವರೆ ಲೀಟರಿನದು. ಪೈಲ್ವಾನನೇ ಸರಿ. ಮೇಲಿನ ಸಾಲಿನಲ್ಲಿ 14 ಬಿ: ಫೆಬ್ರವರಿ 14ನೇ ತಾರೀಕು. ಆಮೇಲೆ 9ರಿಂದ ಶುರುವಾಗುವ ಎರಡು ಅಂಕಿ. ಆ ಜಾಗದಲ್ಲಿ ಕಾರು ಯಾವ ಪ್ರದೇಶದ ಮಾರಾಟಕ್ಕೆ ಹೊರಟಿತ್ತು ಎಂದು ಬರೆದಿರುತ್ತಾರೆ; 90ರಿಂದ 99 ಎಂದರೆ ಹೊರದೇಶ. ಯಾವ ಸೈನಿಕನೂ ಊರಿನಿಂದ ತಂದದ್ದಲ್ಲ, ಪರದೇಶಕ್ಕೆಂದೇ ಹುಟ್ಟಿದ ಕಾರು. ಚೌಕದ ಕೆಳಗೆ ಇನ್ನೊಂದು ಸಣ್ಣ ಚಿತ್ರ, ಬಾನೆಟ್ಟಿನೊಳಗೆ ಎರಡೂ ಪಕ್ಕವನ್ನು ಹಿಂದಿನ ಗೋಡೆಗೆ ಬಿಗಿಯುವ ಒಂದೇ ತುಂಡಿನ ಪಟ್ಟಿ. ಯೂರೋಪಿನ ಕಲ್ಲುಹಾಸಿನ ರಸ್ತೆಗಳ ಕುಲುಕಾಟ ತಡೆಯಲೆಂದು ಹೊರದೇಶದ ಕಾರುಗಳಿಗೆ ಹಾಕುತ್ತಿದ್ದ ಪಟ್ಟಿ ಅದು. ಅಮೆರಿಕದೊಳಗೆ ಮಾರುವ ಮಾಮೂಲಿ ಕಾರಿಗೆ ಎರಡು ಬಿಡಿ ಪಟ್ಟಿಗಳಿದ್ದವು. ಅದರ ಪಕ್ಕದಲ್ಲಿ ಚಿಕ್ಕಪ್ಪನ ಕೈಬರಹ: "ಗಟ್ಟಿ."

ಇನ್ನೇನು ಬೇಕು? ಬಿಲ್ಲೆ ಮಸುಕಾಗಿದ್ದರೂ ತಗಡು, ಪಟ್ಟಿ, ಊರು ಎಲ್ಲ ಒಂದೇ ಮಾತು ಹೇಳುತ್ತಿದ್ದವು. ಚಿಕ್ಕಪ್ಪ ಆ ಕಾರಿನ ಬಾಗಿಲು ತೆಗೆದು ನೋಡಿದ್ದರು, ಬಾನೆಟ್ ಎತ್ತಿ ನೋಡಿದ್ದರು. ದಾರಿಯಲ್ಲಿ ನಿಂತಿದ್ದ ಯಾರದೋ ಕಾರಿನ ಮುಂದೆ ಕಟ್ಟಿದ ವೇಷವಲ್ಲ.

ದೊಡ್ಡಪ್ಪನ ಮೊಮ್ಮಗನಿಗೆ ಅಲ್ಲಿಂದಲೇ ಫೋನು ಮಾಡಿ ಹೇಳಿದೆ. ಹುಡುಗ ಒಳ್ಳೆಯವನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ತಾತನೂ ಸರಿ, ಚಿಕ್ಕತಾತನೂ ಸರಿ" ಎಂದ. ಇರಬಹುದು. ಆದರೆ ಐವತ್ತು ವರ್ಷ ನಗಿಸಿಕೊಂಡದ್ದು ಇಬ್ಬರಲ್ಲಿ ಒಬ್ಬರೇ.

ತಗಡಿನ ನಕಲಿನಲ್ಲಿ ಜೆ ಎಂಬ ಒಂದು ಅಕ್ಷರ ಉಳಿದಿತ್ತು. ಅದು ಬಣ್ಣದ್ದು. ಆ ವರ್ಷದ ಪಟ್ಟಿಯಲ್ಲಿ ಜೆ ಎಂದರೆ ರಂಗೂನ್ ಕೆಂಪು. ನಮ್ಮ ಮನೆಯಲ್ಲಿ ಯಾರಿಗೂ ಆ ಕಾರಿನ ಬಣ್ಣ ಗೊತ್ತಿರಲಿಲ್ಲ. ಕೆಲವರು ಕಪ್ಪು ಎನ್ನುತ್ತಿದ್ದರು, ಕೆಲವರು ನೀಲಿ. ಚಿಕ್ಕಮ್ಮ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಕೆಂಪೇ? ಬರೀಲೇ ಇಲ್ಲ ನೋಡು ಅದನ್ನ" ಎಂದರು. ಆಮೇಲೆ ಕೇಳಿದರು, "ಓಡಿಸಿದ್ದಕ್ಕೇನಾದ್ರೂ ಗುರುತು ಸಿಕ್ತಾ ನಿನಗೆ?"

ಇಲ್ಲ ಚಿಕ್ಕಮ್ಮ, ಅದಕ್ಕೆ ಏನೂ ಸಿಗಲಿಲ್ಲ ಎಂದೆ.

"ಸಿಗಲ್ಲ ಬಿಡು" ಎಂದು ಫೋಟೋವನ್ನು ನೋಟುಪುಸ್ತಕದೊಳಗಿಟ್ಟು ಮುಚ್ಚಿದರು. "ಅವರಿಗೆ ಸೈಕಲ್ ಬಿಟ್ರೆ ಇನ್ನೇನೂ ಬರ್ತಿರಲಿಲ್ಲ. ಅದೊಂದು ನನ್ನ ಮೆಚ್ಚಿಸೋಕೆ ಬರೆದಿದ್ರು. ನನಗೆ ಆವತ್ತೇ ಗೊತ್ತಿತ್ತು."